ಸಂಪಾಜೆ ಘಾಟಿಯೂ ಎರಡು ಹೊಟ್ಟೆಯ ಕಾರೂ

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮೂರಿನವರು ರಜೆಯಲ್ಲಿ ಕಾರು ತೆಗೆದುಕೊಂಡು ಬಂದಾಗ ಹೇಳುವ ಮಾತೊಂದುಂಟು: "ಊರಿಗೆ ಬರುವಾಗ ಒಳ್ಳೆ ಮೈಲೇಜ್ ಕೊಡ್ತದೆ. ಹಿಂದೆ ಹೋಗುವಾಗ ಮಾತ್ರ ಪೆಟ್ರೋಲು ಕುಡೀತದೆ." ಕಾರು ಅದೇ, ದಾರಿ ಅದೇ, ಓಡಿಸುವವರೂ ಅವರೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಊರಿಗೆ ಬರುವ ಖುಷಿಯಿಂದಂತೂ ಅಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕಾಸರಗೋಡು ಪೇಟೆ ಕಡಲಿನ ಬದಿಯಲ್ಲೇ ಇದೆ. ಇಲ್ಲಿಂದ ಹೊರಟ ಕಾರು, ನಡುವೆ ಎಷ್ಟು ಸಲ ಹತ್ತಿ ಇಳಿದರೂ, ಕೊನೆಗೆ 900 ಮೀಟರ್ ಮೇಲೆ ಹೋಗಿ ನಿಲ್ಲಬೇಕು. ಜನ, ಸಾಮಾನು ಎಲ್ಲ ಸೇರಿ ಕಾರಿನ ತೂಕ 2000 ಕಿಲೋಗ್ರಾಂ ಎಂದು ಇಟ್ಟುಕೊಳ್ಳೋಣ. ಸ್ಥಿತಿಶಕ್ತಿಯ ಸೂತ್ರ ನಿಮಗೆ ಗೊತ್ತೇ ಇದೆ: ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ, ಈ ಮೂರರ ಗುಣಲಬ್ಧ. 2000 × 9.8 × 900 ಅಂದರೆ 1,76,40,000 ಜೂಲ್. ಇಷ್ಟು ದೊಡ್ಡ ಸಂಖ್ಯೆ ಕಂಡರೆ ಏನೂ ಹೊಳೆಯುವುದಿಲ್ಲ. ಅದಕ್ಕೆ ಕರೆಂಟ್ ಬಿಲ್ಲಿನ ಯೂನಿಟ್ಟಿಗೆ ಇಳಿಸೋಣ. ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್-ಗಂಟೆ, ಅಂದರೆ 36 ಲಕ್ಷ ಜೂಲ್. ಭಾಗಿಸಿದರೆ 4.9 ಯೂನಿಟ್ ಸಿಗುತ್ತದೆ. ಈ ಲೇಖನದಲ್ಲಿ ಎಲ್ಲ ಲೆಕ್ಕವನ್ನೂ ಯೂನಿಟ್ಟಿನಲ್ಲೇ ಮಾಡುವ. ಪೆಟ್ರೋಲಿಗೂ ಬ್ಯಾಟರಿಗೂ ಗುಡ್ಡಕ್ಕೂ ಒಂದೇ ಅಳತೆಗೋಲು ಇದ್ದರೆ ಹೋಲಿಕೆ ಸುಲಭ.

ಒಂದು ಲೀಟರ್ ಪೆಟ್ರೋಲಿನಲ್ಲಿ ಹೆಚ್ಚುಕಡಿಮೆ 9 ಯೂನಿಟ್ ಶಕ್ತಿ ಇರುತ್ತದೆ. ಆದರೆ ಎಂಜಿನ್ ಅಷ್ಟನ್ನೂ ಚಕ್ರಕ್ಕೆ ಕೊಡುವುದಿಲ್ಲ. ಮೂರನೇ ಎರಡು ಪಾಲು ರೇಡಿಯೇಟರಿನಿಂದ, ಹೊಗೆಕೊಳವೆಯಿಂದ ಬಿಸಿಯಾಗಿ ಹೊರಗೆ ಹೋಗಿಬಿಡುತ್ತದೆ. ಚಕ್ರಕ್ಕೆ ಸಿಗುವುದು ಲೀಟರಿಗೆ ಸುಮಾರು 3 ಯೂನಿಟ್. ಹಾಗಾಗಿ ಬೆಂಗಳೂರಿನ ಎತ್ತರಕ್ಕೆ ಏರುವುದಕ್ಕೇ ಒಂದೂವರೆ ಲೀಟರಿಗಿಂತ ಸ್ವಲ್ಪ ಹೆಚ್ಚು ಪೆಟ್ರೋಲು ಬೇಕು. ಬರುವಾಗ ಆ ಎತ್ತರವೇ ಕಾರನ್ನು ದೂಡಿಕೊಡುತ್ತದೆ. ನಮ್ಮವರ ಮಾತು ನಿಜ.

ಆದರೆ ದೂಡಿದ್ದೆಲ್ಲ ಉಪಯೋಗಕ್ಕೆ ಬರುತ್ತದೆಯೇ? ಇಲ್ಲಿಂದ ಕಥೆ ಸ್ವಾರಸ್ಯವಾಗುತ್ತದೆ.

ಎರಡು ಹೊಟ್ಟೆ

ಈಗ ಮಾತಿಗೆ ಬರುವುದು ಪ್ಲಗ್-ಇನ್ ಹೈಬ್ರಿಡ್ ಎಂಬ ಜಾತಿಯ ಕಾರು. ಸಾಮಾನ್ಯ ಹೈಬ್ರಿಡ್ಡಿನಲ್ಲಿ ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಒಂದು ಪುಟ್ಟ ಬ್ಯಾಟರಿಯೂ ಇರುತ್ತವೆ. ಆ ಬ್ಯಾಟರಿಗೆ ಹೊರಗಿನಿಂದ ಕರೆಂಟ್ ಕೊಡಲಾಗುವುದಿಲ್ಲ. ಎಂಜಿನ್ ಕೊಟ್ಟದ್ದು, ಬ್ರೇಕ್ ಹಾಕುವಾಗ ಸಿಕ್ಕಿದ್ದು, ಅಷ್ಟೇ. ಜಪಾನಿನಲ್ಲಿ 1997ರಲ್ಲಿ ಮಾರಾಟಕ್ಕೆ ಬಂದ ಟೊಯೊಟಾ ಪ್ರಿಯಸ್ ಈ ಬಗೆಯದು. ನಮ್ಮ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ಡೂ ಇದೇ ಬಗೆಯದು. ಪ್ಲಗ್-ಇನ್ ಹೈಬ್ರಿಡ್ಡಿನ ಬ್ಯಾಟರಿ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ಮನೆಯ ಪ್ಲಗ್ಗಿಗೆ ಸಿಕ್ಕಿಸಿ ರಾತ್ರಿಯಿಡೀ ತುಂಬಿಸಬಹುದು. ಮರುದಿನ ಮೊದಲ ಐವತ್ತು ಅರುವತ್ತು ಕಿಲೋಮೀಟರ್ ಬರೀ ಕರೆಂಟಿನಲ್ಲಿ ಓಡಿ, ಅದು ಮುಗಿದ ಮೇಲೆ ಪೆಟ್ರೋಲಿಗೆ ತಿರುಗುತ್ತದೆ. ಎರಡು ಹೊಟ್ಟೆಯ ಕಾರು ಎನ್ನಬಹುದು. ಒಂದು ಹೊಟ್ಟೆಗೆ ಬಂಕಿನಲ್ಲಿ ಊಟ, ಇನ್ನೊಂದಕ್ಕೆ ಮನೆಯಲ್ಲಿ.

ಭಾರತದಲ್ಲಿ ಇವು ಅಪರೂಪ. ವೋಲ್ವೊ ಎಕ್ಸ್‌ಸಿ90 ಟಿ8, ಬಿಎಂಡಬ್ಲ್ಯು ಐ8 ಥರದ ಕೆಲವು ದುಬಾರಿ ಕಾರುಗಳು ಮಾತ್ರ ಇಲ್ಲಿ ಮಾರಾಟವಾಗಿವೆ. ಚೀನಾದಲ್ಲಿ, ಯೂರೋಪಿನಲ್ಲಿ ಲಕ್ಷಗಟ್ಟಲೆ ಓಡುತ್ತಿವೆ. ಹಾಗಿದ್ದರೆ ನಮಗೇಕೆ ಇದರ ಗೊಡವೆ ಎಂದು ಕೇಳಬೇಡಿ. ನಮ್ಮ ದಾರಿಗೆ ಈ ಕಾರನ್ನು ತಂದು ಓಡಿಸಿ ನೋಡಿದರೆ (ಕಾಗದದ ಮೇಲೆಯೇ, ಮತ್ತೇನು!) ಶಕ್ತಿಯ ಪಾಠ ಇಡೀ ಅರ್ಥವಾಗುತ್ತದೆ. ಅಷ್ಟೇ ಅಲ್ಲ, ಈ ಕಾರಿನ ಬಗ್ಗೆ ದೊಡ್ಡದೊಂದು ತಕರಾರು ಎದ್ದಿದೆ. ಅದನ್ನೂ ನೀವು ತಿಳಿದಿರಬೇಕು.

ತಕರಾರು ಇದು. ಯೂರೋಪಿನಲ್ಲಿ ಹೊಸ ಕಾರುಗಳ ಒಳಗೇ ಎಷ್ಟು ಇಂಧನ ಖರ್ಚಾಯಿತು ಎಂದು ಬರೆದಿಡುವ ಮೀಟರ್ ಇರಬೇಕೆಂಬ ಕಾನೂನು ಉಂಟು. 2021ರಲ್ಲಿ ನೋಂದಣಿಯಾದ ಕಾರುಗಳಿಂದ ಬಂದ ಆ ಲೆಕ್ಕವನ್ನು ಯೂರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿತು. ಪ್ಲಗ್-ಇನ್ ಹೈಬ್ರಿಡ್ಡುಗಳು ರಸ್ತೆಯಲ್ಲಿ ಬಿಟ್ಟ ಇಂಗಾಲದ ಡೈಆಕ್ಸೈಡ್, ಪ್ರಯೋಗಾಲಯದಲ್ಲಿ ಅಳೆದು ಕಾಗದದಲ್ಲಿ ಬರೆದದ್ದಕ್ಕಿಂತ ಸರಾಸರಿ ಮೂರೂವರೆ ಪಾಲು ಹೆಚ್ಚು! ಸಾದಾ ಪೆಟ್ರೋಲ್ ಕಾರಿನಲ್ಲಿ ಈ ಅಂತರ ಐದನೇ ಒಂದು ಪಾಲಿನಷ್ಟು ಮಾತ್ರ. ಕಾರಣ ಏನು ಗೊತ್ತಾ? ಜನ ಪ್ಲಗ್ ಹಾಕುವುದೇ ಕಡಿಮೆ. ಪರೀಕ್ಷೆ ಮಾಡುವವರು "ಇವರು ಬ್ಯಾಟರಿಯನ್ನು ಸರಿಯಾಗಿ ತುಂಬಿಸುತ್ತಾರೆ" ಎಂದು ನಂಬಿ ಲೆಕ್ಕ ಹಾಕಿದ್ದರು. ತುಂಬಿಸದಿದ್ದರೆ ಆ ದೊಡ್ಡ ಬ್ಯಾಟರಿ ಬರೀ ಹೊರೆ. ನೂರಾರು ಕಿಲೋ ತೂಕವನ್ನು ಪೆಟ್ರೋಲು ಸುಟ್ಟು ಹೊತ್ತುಕೊಂಡು ತಿರುಗಿದ ಹಾಗೆ. ಇಂಥ ಕಾರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡುವುದು ಸರಿಯೋ ಅಲ್ಲವೋ ಎಂಬ ಚರ್ಚೆ ಅಲ್ಲಿ ಈಗಲೂ ನಡೆಯುತ್ತಿದೆ. ನನಗೆ ಕೇಳಿದರೆ, ಕಾರಿನದ್ದು ತಪ್ಪಿಲ್ಲ. ಆದರೆ ಓಡಿಸುವವನ ಅಭ್ಯಾಸವನ್ನು ನಂಬಿ ಹಾಕಿದ ಅಂಕಿಯನ್ನು ಕಾರಿನ ಗುಣ ಎಂದು ಬರೆಯಬಾರದಿತ್ತು.

ಚೆರ್ಕಳದಿಂದ ಹೊರಡುವ

ಸರಿ, ಕಾರು ತೆಗೆಯುವ. ದಾರಿ: ಕಾಸರಗೋಡು, ಚೆರ್ಕಳ, ಬೋವಿಕ್ಕಾನ, ಮುಳ್ಳೇರಿಯ, ಆದೂರು, ಜಾಲ್ಸೂರು, ಸುಳ್ಯ, ಸಂಪಾಜೆ, ಮಡಿಕೇರಿ, ಕುಶಾಲನಗರ, ಹುಣಸೂರು, ಮೈಸೂರು, ಬೆಂಗಳೂರು. ಒಟ್ಟು ಸುಮಾರು 370 ಕಿಲೋಮೀಟರ್. ಬ್ಯಾಟರಿಯಲ್ಲಿ 15 ಯೂನಿಟ್ ಇದೆ ಎನ್ನೋಣ. ಮೋಟಾರಿನಲ್ಲಿ ಸ್ವಲ್ಪ ಸೋರಿ ಚಕ್ರಕ್ಕೆ ಸುಮಾರು 13 ಯೂನಿಟ್ ತಲಪುತ್ತದೆ.

ಸಮತಟ್ಟಾದ ರಸ್ತೆಯಲ್ಲಿ ಕಾರನ್ನು ತಡೆಯುವ ಬಲಗಳು ಮುಖ್ಯವಾಗಿ ಎರಡು. ಟಯರು ಉರುಳುವಾಗ ಆಗುವ ತಡೆ ಒಂದು. ನಮ್ಮ ಕಾರಿಗೆ ಅದು ಸುಮಾರು 200 ನ್ಯೂಟನ್, ವೇಗ ಎಷ್ಟಿದ್ದರೂ ಹೆಚ್ಚು ಬದಲಾಗದು. ಇನ್ನೊಂದು ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸುಮಾರು 120 ನ್ಯೂಟನ್ ಇದ್ದದ್ದು 80ರಲ್ಲಿ 210, 100ರಲ್ಲಿ 325, 120ರಲ್ಲಿ 470 ಆಗುತ್ತದೆ. ಎರಡನ್ನೂ ಕೂಡಿಸಿ ದೂರದಿಂದ ಗುಣಿಸಿದರೆ ಖರ್ಚು ಸಿಗುತ್ತದೆ. 100 ಕಿ.ಮೀ. ದೂರಕ್ಕೆ 80ರ ವೇಗದಲ್ಲಿ ಸುಮಾರು 11 ಯೂನಿಟ್, 100ರ ವೇಗದಲ್ಲಿ 14 ಚಿಲ್ಲರೆ, 120ರಲ್ಲಿ 18ಕ್ಕೂ ಹೆಚ್ಚು.

ಇದರ ಅರ್ಥ ಏನು? ಮೈಸೂರು–ಬೆಂಗಳೂರು ದಶಪಥ ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು, ಉದ್ದ ಸುಮಾರು 119 ಕಿ.ಮೀ. ಅದರಲ್ಲಿ 100ರ ವೇಗದಲ್ಲಿ ಹೋದರೆ 71 ನಿಮಿಷ, 80ರಲ್ಲಿ 89 ನಿಮಿಷ. ಹದಿನೆಂಟು ನಿಮಿಷ ಉಳಿಸಲು ಸುಮಾರು 4 ಯೂನಿಟ್, ಅಂದರೆ ಒಂದೂಕಾಲು ಲೀಟರಿನಷ್ಟು ಪೆಟ್ರೋಲು ಹೆಚ್ಚು ಬೇಕು. ನಮ್ಮ ಗಡಿನಾಡಿನವರಿಗೆ ಒಂದು ಅಭ್ಯಾಸ ಉಂಟು. ಕೇರಳಕ್ಕಿಂತ ಕರ್ನಾಟಕದಲ್ಲಿ ಪೆಟ್ರೋಲ್ ದರ ಕಡಿಮೆ ಎಂದು ತಲಪಾಡಿ, ಜಾಲ್ಸೂರು ಕಡೆ ಹೋಗಿ ಟ್ಯಾಂಕ್ ತುಂಬಿಸುವುದು. ಒಳ್ಳೆಯದೇ. ಆದರೆ ದರದ ವ್ಯತ್ಯಾಸ ನೂರಕ್ಕೆ ಹತ್ತನ್ನೂ ಮುಟ್ಟದು. ವೇಗವನ್ನು 100ರಿಂದ 80ಕ್ಕೆ ಇಳಿಸಿದರೆ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಉಳಿತಾಯ. ಬಂಕಿನ ಬೋರ್ಡ್ ನೋಡುವಷ್ಟು ಗಮನವನ್ನು ಸ್ಪೀಡೋಮೀಟರಿಗೆ ಕೊಡುವವರು ಕಡಿಮೆ.

ಈಗ ಮುಖ್ಯ ಪ್ರಶ್ನೆ. ಬ್ಯಾಟರಿಯ 13 ಯೂನಿಟ್ಟನ್ನು ಎಲ್ಲಿ ಖರ್ಚು ಮಾಡಬೇಕು? ಇಡೀ ದಾರಿಗೆ ಬೇಕಾದದ್ದು, ಏರಿಕೆಯೂ ಸೇರಿ, ಹೆಚ್ಚುಕಡಿಮೆ 45 ಯೂನಿಟ್. ಬ್ಯಾಟರಿ ಅದರ ಕಾಲುಪಾಲಿಗಿಂತ ಸ್ವಲ್ಪ ಹೆಚ್ಚು ಕೊಡುತ್ತದೆ. ಉಳಿದದ್ದು ಪೆಟ್ರೋಲಿನಿಂದಲೇ ಆಗಬೇಕು. ಸುಮ್ಮನೆ ಬಿಟ್ಟರೆ ಕಾರು ಮೊದಲು ಕರೆಂಟನ್ನೇ ಮುಗಿಸುತ್ತದೆ. ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಅರಂತೋಡು ದಾಟಿ ಸಂಪಾಜೆ ಬರುವಾಗ ಬ್ಯಾಟರಿಯಲ್ಲಿ ಉಳಿದದ್ದು ಅರ್ಧಕ್ಕಿಂತ ಕಡಿಮೆ. ಘಾಟಿ ಏರುವಾಗ ಅದೂ ಖಾಲಿ. ಆಮೇಲೆ ಬೆಂಗಳೂರಿನ ಟ್ರಾಫಿಕ್ಕಿಗೆ ಏನೂ ಇಲ್ಲ.

ಎಂಜಿನ್ನಿಗೆ ಒಂದು ಸ್ವಭಾವ ಉಂಟು. ಒಂದೇ ಹದದಲ್ಲಿ ಹೊರೆ ಎಳೆಯುವಾಗ ಅದು ಚುರುಕು. ಆಗ ಪೆಟ್ರೋಲಿನ ಶಕ್ತಿಯ ನೂರಕ್ಕೆ 35ರಷ್ಟನ್ನು ಕೆಲಸಕ್ಕೆ ತಿರುಗಿಸಬಲ್ಲದು. ಪೇಟೆಯಲ್ಲಿ ಹತ್ತು ಮೀಟರ್ ಹೋಗಿ ನಿಂತು, ಮತ್ತೆ ಹತ್ತು ಮೀಟರ್ ತೆವಳುವಾಗ ಅದು ನೂರಕ್ಕೆ 15ಕ್ಕೂ ಇಳಿಯಬಹುದು. ಮೋಟಾರಿಗೆ ಈ ತೊಂದರೆ ಇಲ್ಲ, ನಿಂತಾಗ ಅದು ಏನನ್ನೂ ತಿನ್ನುವುದೂ ಇಲ್ಲ. ಲೆಕ್ಕ ಹಾಕಿ: ಚಕ್ರಕ್ಕೆ ಒಂದು ಯೂನಿಟ್ ಬ್ಯಾಟರಿಯಿಂದ ಕೊಟ್ಟರೆ ಹೆದ್ದಾರಿಯಲ್ಲಿ ಉಳಿಯುವ ಪೆಟ್ರೋಲು ಸುಮಾರು 0.32 ಲೀಟರ್. ಟ್ರಾಫಿಕ್ಕಿನಲ್ಲಾದರೆ 0.74 ಲೀಟರ್. ಅದೇ ಕರೆಂಟು, ಎರಡು ಪಾಲಿಗಿಂತ ಹೆಚ್ಚು ಲಾಭ. ಈ ವ್ಯತ್ಯಾಸ ನಿಜವಾದ ಹೈಬ್ರಿಡ್ಡಿನಲ್ಲಿ ಇಷ್ಟು ದೊಡ್ಡದಿರುವುದಿಲ್ಲ ಎಂಬುದನ್ನೂ ಹೇಳಬೇಕು. ಬ್ಯಾಟರಿ "ಖಾಲಿ" ಎಂದು ತೋರಿಸಿದರೂ ಕಾರು ತಳದಲ್ಲಿ ಸ್ವಲ್ಪ ಉಳಿಸಿಕೊಂಡು, ಟ್ರಾಫಿಕ್ಕಿನಲ್ಲಿ ಎಂಜಿನ್ ಆರಿಸಿ ಸಾಮಾನ್ಯ ಹೈಬ್ರಿಡ್ಡಿನಂತೆ ನಡೆದುಕೊಳ್ಳುತ್ತದೆ. ಆದರೂ ಲಾಭ ಇದ್ದೇ ಇದೆ.

ಇದಕ್ಕಾಗಿಯೇ ಇಂಥ ಕಾರುಗಳಲ್ಲಿ 'ಹೋಲ್ಡ್' ಎಂಬ ಗುಂಡಿ ಇರುತ್ತದೆ. ಅದನ್ನೊತ್ತಿದರೆ ಬ್ಯಾಟರಿ ಇದ್ದಷ್ಟೇ ಉಳಿಯುತ್ತದೆ, ಎಂಜಿನ್ ಓಡುತ್ತದೆ. ಪೇಟೆಗಳಲ್ಲಿ ಕರೆಂಟು, ತೆರೆದ ರಸ್ತೆಯಲ್ಲಿ ಹೋಲ್ಡ್ ಮಾಡಿ ಪೆಟ್ರೋಲು, ಕೊನೆಗೆ ಕೆಂಗೇರಿಯಿಂದ ಒಳಗೆ ಮತ್ತೆ ಕರೆಂಟು. ಆದರೆ ಅತಿ ಉಳಿತಾಯವೂ ನಷ್ಟವೇ. ಮನೆ ಮುಟ್ಟುವಾಗ ಬ್ಯಾಟರಿಯಲ್ಲಿ ಅರ್ಧ ಉಳಿದಿದ್ದರೆ ಆ ಅರ್ಧದಷ್ಟು ಪೆಟ್ರೋಲನ್ನು ಸುಮ್ಮನೆ ಸುಟ್ಟ ಹಾಗಾಯಿತು. ಮುಂದಿನ ಪ್ಲಗ್ ಸಿಗುವಲ್ಲಿಗೆ ಬ್ಯಾಟರಿ ಬರಿದಾಗಿ ತಲಪಬೇಕು. ಇದೊಂದು ನೆನಪಿದ್ದರೆ ಉಳಿದದ್ದು ತಾನಾಗಿ ಸರಿಯಾಗುತ್ತದೆ.

'ಚಾರ್ಜ್' ಎಂಬ ಇನ್ನೊಂದು ಗುಂಡಿ ಕೆಲವು ಕಾರುಗಳಲ್ಲಿ ಉಂಟು. ಓಡುವಾಗಲೇ ಎಂಜಿನ್ನಿನಿಂದ ಬ್ಯಾಟರಿ ತುಂಬಿಸುವ ಏರ್ಪಾಡು. ಕೇಳಲು ಚಂದ. ಆದರೆ ಎಂಜಿನ್ನಿನಿಂದ ಜನರೇಟರು, ಅದರಿಂದ ಬ್ಯಾಟರಿ, ಬ್ಯಾಟರಿಯಿಂದ ಮೋಟಾರು, ಮೋಟಾರಿನಿಂದ ಚಕ್ರ, ಹೀಗೆ ಕೈ ಬದಲಾದಲ್ಲೆಲ್ಲ ಸ್ವಲ್ಪ ಸ್ವಲ್ಪ ಚೆಲ್ಲಿ ಕೊನೆಗೆ ಕಾಲುಪಾಲು ಹೋಗಿಬಿಡುತ್ತದೆ. ಬಾವಿಯಿಂದ ನೀರು ಸೇದಿ, ತೂತು ಕೊಡದಲ್ಲಿ ಹೊತ್ತು, ಪುನಃ ಬಾವಿಯ ಹತ್ತಿರದ ತೊಟ್ಟಿಗೇ ಹೊಯ್ದ ಹಾಗೆ.

ಘಾಟಿ

ಸಂಪಾಜೆಯಿಂದ ಕೊಯನಾಡು, ಜೋಡುಪಾಲ, ಮದೆನಾಡು ದಾಟಿ ಮಡಿಕೇರಿಗೆ ಇಪ್ಪತ್ತೈದು ಚಿಲ್ಲರೆ ಕಿಲೋಮೀಟರ್. ಅಷ್ಟರಲ್ಲಿ ರಸ್ತೆ ಸುಮಾರು 1000 ಮೀಟರ್ ಏರುತ್ತದೆ. (2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಈ ದಾರಿ ಮುಚ್ಚಿದ್ದು ನಿಮ್ಮ ಮನೆಯವರಿಗೆ ನೆನಪಿರಬಹುದು.) ಎತ್ತರಕ್ಕೇ 5.4 ಯೂನಿಟ್, ಟಯರು ಮತ್ತು ಗಾಳಿಗೆ ಇನ್ನೂ 1.7. ಒಟ್ಟು 7 ಯೂನಿಟ್ ದಾಟುತ್ತದೆ. ಬ್ಯಾಟರಿ ಪೂರ್ತಿ ಬರಿದಾಗಿ ಇಲ್ಲಿಗೆ ಬಂದರೆ ಎಂಜಿನ್ ಒಂದೇ ಎಳೆಯಬೇಕು, ಕಿರುಚಿಕೊಂಡು ಎಳೆಯುತ್ತದೆ. ಸ್ವಲ್ಪ ಕರೆಂಟು ಉಳಿದಿದ್ದರೆ ಇಬ್ಬರೂ ಹೆಗಲು ಕೊಡುತ್ತಾರೆ. ಅಮೆರಿಕದಲ್ಲಿ 2010ರ ಕೊನೆಗೆ ಬಂದ ಶೆವ್ರೊಲೆ ವೋಲ್ಟ್ ಎಂಬ ಪ್ಲಗ್-ಇನ್ ಕಾರಿನಲ್ಲಿ ಇದಕ್ಕೆಂದೇ 'ಮೌಂಟನ್ ಮೋಡ್' ಇತ್ತು. ಬೆಟ್ಟ ಬರುವ ಮೊದಲೇ ಅದನ್ನು ಒತ್ತಿ ಬ್ಯಾಟರಿಯಲ್ಲಿ ಒಂದು ಪಾಲು ಕಾದಿಡಬೇಕಿತ್ತು.

ಇಳಿಯುವಾಗಿನ ಲೆಕ್ಕ ಇನ್ನೂ ರುಚಿ. ಅದೇ 5.4 ಯೂನಿಟ್ ಈಗ ಕಾರಿನ ಕೈಯಲ್ಲಿದೆ. ಟಯರು, ಗಾಳಿಗೆ 1.7 ಹೋಗುತ್ತದೆ. ಉಳಿದ 3.7 ಯೂನಿಟ್ಟನ್ನು ಎಲ್ಲಾದರೂ ಹಾಕಲೇಬೇಕು, ಇಲ್ಲದಿದ್ದರೆ ಕಾರಿನ ವೇಗ ಏರುತ್ತಲೇ ಹೋಗುತ್ತದೆ. ಸಾದಾ ಕಾರಿನಲ್ಲಿ ಅದು ಬ್ರೇಕಿನಲ್ಲಿ, ಸ್ವಲ್ಪ ಎಂಜಿನ್ನಿನಲ್ಲಿ ಬಿಸಿಯಾಗಿ ಹೋಗುತ್ತದೆ. ಎಷ್ಟು ಬಿಸಿ? 30 ಡಿಗ್ರಿಯ 45 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು! ಮದುವೆ ಮನೆಯ ಒಂದು ಹಂಡೆ ಎನ್ನಿ. ಘಾಟಿ ಇಳಿದ ಗಾಡಿಗಳ ಹತ್ತಿರ ನಿಂತರೆ ಸುಟ್ಟ ವಾಸನೆ ಬರುವುದು ಇದಕ್ಕೇ. ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇದು ಮೈಲೇಜಿನ ಮಾತಲ್ಲ, ಜೀವದ ಮಾತು. ಲಾರಿಯವರು ಇಳಿಯುವಾಗಲೂ ಕೆಳಗಿನ ಗೇರಿನಲ್ಲೇ ಬರುವುದು ಏಕೆಂದು ಈಗ ಗೊತ್ತಾಯಿತಲ್ಲ?

ಹೈಬ್ರಿಡ್ಡಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಅಥವಾ ಬ್ರೇಕನ್ನು ಮೆಲ್ಲಗೆ ಒತ್ತಿದರೆ, ಮೋಟಾರು ಉಲ್ಟಾ ಕೆಲಸಕ್ಕೆ ಇಳಿದು ಜನರೇಟರ್ ಆಗುತ್ತದೆ. ಚಕ್ರವೇ ಅದನ್ನು ತಿರುಗಿಸುತ್ತದೆ, ಬ್ಯಾಟರಿ ತುಂಬುತ್ತದೆ, ಕಾರು ನಿಧಾನವಾಗುತ್ತದೆ. 3.7ರಲ್ಲಿ ಎರಡೂಮುಕ್ಕಾಲು ಯೂನಿಟ್ಟಿನಷ್ಟು ಬ್ಯಾಟರಿ ಸೇರಬಹುದು. ಅದನ್ನು ತಿರುಗಿ ಚಕ್ರಕ್ಕೆ ಕೊಟ್ಟರೆ 60ರ ವೇಗದಲ್ಲಿ ಇಪ್ಪತ್ತೈದು ಕಿಲೋಮೀಟರಿನಷ್ಟು ಓಡಬಹುದು. ಅಂದರೆ ಸಂಪಾಜೆಯಿಂದ ಸುಳ್ಯ ಪೇಟೆಯ ತನಕ ಒಂದು ಹನಿ ಪೆಟ್ರೋಲೂ ಬೇಡ! ಗುಡ್ಡ ಕೊಟ್ಟ ಉಡುಗೊರೆ. ಅಲ್ಲ, ಉಡುಗೊರೆ ಅಲ್ಲ. ಹಿಂದೆ ಏರುವಾಗ ಕೊಟ್ಟಿದ್ದ ಸಾಲದ ಒಂದು ಕಂತು.

ಇಲ್ಲಿ ಒಂದು ಮೋಜು ನೋಡಿ. ಬೆಂಗಳೂರಿನಿಂದ ಬರುವವರು ರಾತ್ರಿ ಮಡಿಕೇರಿಯಲ್ಲಿ ಉಳಿದರು, ಹೋಮ್‌ಸ್ಟೇಯ ಪ್ಲಗ್ಗಿನಲ್ಲಿ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಿದರು ಎನ್ನೋಣ. ಜಾಣತನದ ಕೆಲಸ ಎಂದೇ ಕಾಣುತ್ತದೆ ಅಲ್ವಾ? ಆದರೆ ಬೆಳಿಗ್ಗೆ ಘಾಟಿ ಇಳಿಯಲು ಹೊರಟರೆ ತುಂಬಿದ ಕೊಡಕ್ಕೆ ಇನ್ನೆಲ್ಲಿ ಹೊಯ್ಯುವುದು? ಕಾರು ಪುನರುತ್ಪಾದನೆಯನ್ನು ನಿಲ್ಲಿಸಿ, ಎಲ್ಲವನ್ನೂ ಬ್ರೇಕಿಗೂ ಎಂಜಿನ್ನಿಗೂ ದಾಟಿಸುತ್ತದೆ. ಹಂಡೆ ನೀರು ಮತ್ತೆ ಕುದಿಯಿತು. 15 ಯೂನಿಟ್ ಬ್ಯಾಟರಿಯಲ್ಲಿ 12ಕ್ಕೆ, ಅಂದರೆ ನೂರಕ್ಕೆ 80ಕ್ಕೆ, ನಿಲ್ಲಿಸಿದರೆ ಸರಿ. ಉಳಿದ 3 ಯೂನಿಟ್ಟನ್ನು ಸಂಪಾಜೆ ಘಾಟಿ ಬಿಲ್ಲಿಲ್ಲದೆ ತುಂಬಿಸಿಕೊಡುತ್ತದೆ. ಸಾಮಾನ್ಯ ಹೈಬ್ರಿಡ್ಡಿಗೆ ಈ ಭಾಗ್ಯ ಪೂರ್ತಿ ಇಲ್ಲ. ಅದರ ಪುಟ್ಟ ಬ್ಯಾಟರಿ ಘಾಟಿ ಅರ್ಧ ಇಳಿಯುವ ಮೊದಲೇ ತುಂಬಿಬಿಡುತ್ತದೆ. ಇಷ್ಟು ಉದ್ದದ ಇಳಿಜಾರಿನಲ್ಲಿ ಮಾತ್ರ ದೊಡ್ಡ ಬ್ಯಾಟರಿಯ ಬೆಲೆ ತಿಳಿಯುವುದು.

ಮಾಡಿನ ಮೇಲಿನ ಹಲಸಿನಹಣ್ಣು

ಇನ್ನು ಕೆಲವು ಚಿಲ್ಲರೆ ವಿಷಯ. ಊರಿನಿಂದ ಹೊರಡುವಾಗ ತೆಂಗಿನಕಾಯಿ, ಹಲಸು, ಹಪ್ಪಳ, ಉಪ್ಪಿನಕಾಯಿ ಭರಣಿ ಸೇರಿ 100 ಕಿಲೋ ಆಗುವುದು ದೊಡ್ಡದಲ್ಲ. ಡಿಕ್ಕಿಯಲ್ಲಿಟ್ಟರೆ ಅದರ ಖರ್ಚು ಬೆಂಗಳೂರಿನವರೆಗೆ ಅರ್ಧ ಲೀಟರನ್ನೂ ಮುಟ್ಟದು. ಆದರೆ ಕಾರಿನ ಮಾಡಿನ ಮೇಲೆ ಕ್ಯಾರಿಯರಿನಲ್ಲಿ ಕಟ್ಟಿದರೆ ತೂಕದ ಜೊತೆಗೆ ಗಾಳಿಯ ತಡೆಯೂ ಸೇರುತ್ತದೆ. ತಡೆ ನೂರಕ್ಕೆ 20 ಹೆಚ್ಚಾಯಿತು ಎಂದರೂ 80ರ ವೇಗದಲ್ಲಿ ಲೀಟರಿಗಿಂತ ಹೆಚ್ಚು ಪೆಟ್ರೋಲು ಬರೀ ಗಾಳಿಗೆ ಹೋಯಿತು. ಅಜ್ಜಿ ಕೊಟ್ಟ ಹಲಸಿನಹಣ್ಣನ್ನು ಬೇಡ ಎನ್ನಬೇಡಿ, ಒಳಗಿಡಿ. ಖಾಲಿ ಕ್ಯಾರಿಯರನ್ನು ಸುಮ್ಮನೆ ಹೊತ್ತು ತಿರುಗುವುದಂತೂ ಶುದ್ಧ ದಂಡ.

ಏಸಿ ಗಂಟೆಗೆ ಒಂದು ಯೂನಿಟ್ ತಿನ್ನುತ್ತದೆ ಎಂದಿಟ್ಟುಕೊಂಡರೆ ಎಂಟು ಗಂಟೆಯ ಪ್ರಯಾಣಕ್ಕೆ ಎಂಟು ಯೂನಿಟ್. ಕಡಿಮೆಯೇನಲ್ಲ. ಪ್ಲಗ್-ಇನ್ ಕಾರಿಗೆ ಇಲ್ಲೊಂದು ಅನುಕೂಲ ಇದೆ. ಹೊರಡುವ ಹತ್ತು ನಿಮಿಷ ಮೊದಲು, ಪ್ಲಗ್ಗಿನಲ್ಲಿರುವಾಗಲೇ ಏಸಿ ಹಾಕಿ ಒಳಗನ್ನು ತಣ್ಣಗೆ ಮಾಡಿಕೊಂಡರೆ ಬ್ಯಾಟರಿಯ ಕರೆಂಟು ಉಳಿಯುತ್ತದೆ. ಮಡಿಕೇರಿಯಲ್ಲಿ ಹೇಗೂ ಏಸಿ ಬೇಡ, ನಿಧಾನಕ್ಕೆ ಹೋಗುವಲ್ಲಿ ಕಿಟಕಿ ತೆರೆದರೆ ಸಾಕು. ಟಯರಿನ ಗಾಳಿ ಸರಿಯಿರಬೇಕು, ಇದನ್ನು ಸೈಕಲ್ ತುಳಿಯುವ ನಿಮಗೆ ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಕೊಟ್ಟ ಅಂಕಿಗಳೆಲ್ಲ 2000 ಕಿಲೋ ತೂಕದ ಒಂದು ಕಾರಿಗೆ, ಗಾಳಿಗೆ ಒಡ್ಡುವ ಅದರ ಆಕಾರವನ್ನು ಅಂದಾಜು ಮಾಡಿ ಹಾಕಿದವು. ಕಾರು ಬದಲಾದರೆ ಅಂಕಿಯೂ ಬದಲಾಗುತ್ತದೆ, ದಾರಿ ಬದಲಾಗುವುದಿಲ್ಲ. ನಿಮ್ಮ ಮನೆಯಲ್ಲಿ ಪ್ಲಗ್-ಇನ್ ಹೈಬ್ರಿಡ್ ಇರಲಿಕ್ಕಿಲ್ಲ. ವಿದ್ಯುತ್ ಸ್ಕೂಟರ್ ಅಕ್ಕಪಕ್ಕದಲ್ಲಿ ಎಲ್ಲಾದರೂ ಇದ್ದೇ ಇರುತ್ತದೆ. ಶಾಲೆಯ ವಿಜ್ಞಾನ ಕ್ಲಬ್ಬಿನವರು ಒಂದು ಕೆಲಸ ಮಾಡಬಹುದು. ಎತ್ತರ ತೋರಿಸುವ ಆ್ಯಪ್ ಮೊಬೈಲಿನಲ್ಲಿ ಸಿಗುತ್ತದೆ. ನಿಮ್ಮ ಊರಿನ ಒಂದು ಏರು ರಸ್ತೆಯ ತಳ ಮತ್ತು ತುದಿಯ ಎತ್ತರ ಬರೆದುಕೊಳ್ಳಿ. ಸ್ಕೂಟರು ಮತ್ತು ಸವಾರರ ಒಟ್ಟು ತೂಕ ಕೇಳಿ ತಿಳಿಯಿರಿ. ಏರಲು ಎಷ್ಟು ಯೂನಿಟ್ ಬೇಕೆಂದು ಸೂತ್ರದಿಂದ ಕಂಡುಹಿಡಿಯಿರಿ. ಆಮೇಲೆ ದೊಡ್ಡವರೊಬ್ಬರು ಅದನ್ನು ಏರಿಸಿ ಇಳಿಸುವಾಗ ಬ್ಯಾಟರಿಯ ಶೇಕಡ ಎಷ್ಟು ಇಳಿಯಿತು, ಇಳಿಜಾರಿನಲ್ಲಿ ಎಷ್ಟು ಏರಿತು ಎಂದು ನೋಡಿ. ಒಂದು ಸಲಕ್ಕೆ ವ್ಯತ್ಯಾಸ ಕಾಣದಿದ್ದರೆ ಹತ್ತು ಸಲ ಏರಿ ಇಳಿಯಲಿ. ಸೂತ್ರ ಹೇಳಿದ್ದಕ್ಕಿಂತ ಬ್ಯಾಟರಿ ಹೆಚ್ಚು ಖರ್ಚಾಗಿದ್ದರೆ ಆ ಹೆಚ್ಚುವರಿ ಎಲ್ಲಿಗೆ ಹೋಯಿತು? ಇಳಿದ ಕೂಡಲೇ ಬ್ರೇಕ್ ಡಿಸ್ಕಿಗೆ ಕೈ ತಾಗಿಸಬೇಡಿ, ಹತ್ತಿರ ಹಿಡಿದರೆ ಸಾಕು, ಉತ್ತರದ ಒಂದು ಭಾಗ ಅಲ್ಲೇ ಸಿಗುತ್ತದೆ. ಉಳಿದ ಭಾಗವನ್ನು ನೀವೇ ಹುಡುಕಿ, ನಿಮ್ಮ ಲೆಕ್ಕವನ್ನು ಮುಂದಿನ ಸಂಚಿಕೆಗೆ ಕಳುಹಿಸಿ.